ಛಾಪಾ ಕಾಗದದ ಸುಂಕಕ್ಕೆ ಅಮೆರಿಕದವರು ಅಷ್ಟೊಂದು ಸಿಟ್ಟಾಗಿದ್ದು ಯಾಕೆ?

ತಿಪಟೂರು ಪತ್ರ ಬರಹಗಾರ:
ಎಲ್ಲರಿಗೂ ನಮಸ್ಕಾರ. ಇಪ್ಪತ್ತೆರಡು ವರ್ಷದಿಂದ ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಕೂತು ಪತ್ರ ಬರೆಯುತ್ತಿದ್ದೇನೆ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಬಾಡಿಗೆ ಕರಾರು ಎಲ್ಲವೂ. ಮೊದಲು ಛಾಪಾ ಕಾಗದ ಇತ್ತು, ಈಗ ಇ-ಸ್ಟಾಂಪ್. ಮಗಳು ಮೊದಲ ಪಿಯುಸಿ. ಮೊನ್ನೆ ರಾತ್ರಿ ಗಟ್ಟಿಯಾಗಿ ಇತಿಹಾಸ ಓದುತ್ತಿದ್ದಳು, 1765ರ ಸ್ಟಾಂಪ್ ಕಾಯ್ದೆ ಅಂತ ಕಿವಿಗೆ ಬಿತ್ತು. ನಮ್ಮ ಕಸುಬಿನ ಮಾತು ಅಲ್ವಾ, ಬಿಡಲಾಗಲಿಲ್ಲ, ಹುಡುಕಿ ಓದಿದೆ. ಆಗ ಬ್ರಿಟನ್ನಿನ ವಸಾಹತಾಗಿದ್ದ ಅಮೆರಿಕದ ಮೇಲೆ ಲಂಡನ್ನಿನ ಸಂಸತ್ತು ಹಾಕಿದ ಕಾಯ್ದೆ ಅದು. ಕರಾರು, ಕೋರ್ಟಿನ ಕಾಗದ, ಪತ್ರಿಕೆ, ಪದವಿಪತ್ರ ಎಲ್ಲಕ್ಕೂ ಮುದ್ರೆ ಬೇಕಿತ್ತು. ಇಸ್ಪೀಟಿನ ಒಂದು ಕಟ್ಟಿಗೆ 1 ಶಿಲಿಂಗ್, ಒಂದು ಜೊತೆ ದಾಳಕ್ಕೆ 10 ಶಿಲಿಂಗ್. ಆದರೆ ಇಂಗ್ಲೆಂಡಿನಲ್ಲೂ 1694ರಿಂದ ಸ್ಟಾಂಪ್ ಸುಂಕ ಇತ್ತಲ್ಲ? ಅಲ್ಲಿಯವರು ಕಟ್ಟುತ್ತಿದ್ದರು. ನನ್ನ ಮೇಜಿನೆದುರು ಕೂತವರೂ ಸುಂಕ ಜಾಸ್ತಿ ಅಂತ ಬೇಜಾರು ಮಾಡಿಕೊಳ್ಳುತ್ತಾರೆ, ಕೊನೆಗೆ ಕಟ್ಟುತ್ತಾರೆ. ಇವರು ಮಾತ್ರ ಯಾಕೆ ಕಟ್ಟಲಿಲ್ಲ? ತಮ್ಮದೇ ಸರ್ಕಾರ ಬಂದಮೇಲೆ ತೆರಿಗೆ ಏನಾಯಿತು? ಮಗಳಿಗೆ ಸರಿಯಾಗಿ ಹೇಳಬೇಕು.

ಹಾಸನದ ನಿವೃತ್ತ ಉಪನ್ಯಾಸಕಿ:
ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಫ್ರಾನ್ಸ್ ಜೊತೆಗಿನ ಯುದ್ಧ 1763ರಲ್ಲಿ ಮುಗಿಯುವ ಹೊತ್ತಿಗೆ ಬ್ರಿಟನ್ನಿನ ಸಾಲ ವಿಪರೀತ ಏರಿತ್ತು. ಅಮೆರಿಕದಲ್ಲಿ ಇರಿಸಿದ ಸೈನ್ಯದ ಖರ್ಚಿಗೆ ಅಲ್ಲಿಯವರೂ ಕೊಡಲಿ ಅಂದರು. ಆದರೆ ಅಲ್ಲಿ ಪ್ರತಿ ವಸಾಹತಿಗೂ ತಾನೇ ಆರಿಸಿದ ಸಭೆ ಇತ್ತು. ಅದು ಹಾಕಿದ ತೆರಿಗೆ ಕಟ್ಟಿ ಅಭ್ಯಾಸ. ಲಂಡನ್ನಿನ ಸಂಸತ್ತಿಗೆ ಅವರು ಆರಿಸಿದ ಒಬ್ಬ ಸದಸ್ಯನೂ ಇರಲಿಲ್ಲ.

ಇನ್ನು ನಿಮ್ಮ ಕಸುಬಿನವರ ಕಷ್ಟ ನೋಡಿ. ಮುದ್ರೆ ಒತ್ತಿದ ಕಾಗದ ಲಂಡನ್ನಿನಿಂದಲೇ ಹಡಗಿನಲ್ಲಿ ಬರಬೇಕು. ಆ ಮುದ್ರೆ ಶಾಯಿಯದಲ್ಲ, ಕಾಗದವೇ ಉಬ್ಬುವ ಹಾಗೆ ಅಚ್ಚು ಒತ್ತಿದ್ದು, ಬೆರಳಾಡಿಸಿದರೆ ತಿಳಿಯುತ್ತದೆ. ಸುಂಕವನ್ನು ಬ್ರಿಟಿಷ್ ಹಣದಲ್ಲೇ ಲೆಕ್ಕ ಹಾಕಿ ಕಟ್ಟಬೇಕು. ಅಂಥ ನಾಣ್ಯವೇ ಅಲ್ಲಿ ಕೈಗೆ ಸಿಗುತ್ತಿರಲಿಲ್ಲ. ತಪ್ಪಿದರೆ ಕೇಸನ್ನು ಜೂರಿಯೇ ಇಲ್ಲದ ಕೋರ್ಟಿಗೆ ಒಯ್ಯಬಹುದಿತ್ತು.

1765ರ ಆಗಸ್ಟ್ 14ರಂದು ಬಾಸ್ಟನ್ನಿನಲ್ಲಿ, ಆ ಕಾಗದ ಮಾರಲು ನೇಮಕವಾಗಿದ್ದ ಆಂಡ್ರ್ಯೂ ಆಲಿವರನ ಬೊಂಬೆ ಮಾಡಿ ಮರಕ್ಕೆ ನೇತು ಹಾಕಿದರು. ಅವನು ಕೆಲಸ ಬಿಟ್ಟ. ಬೇರೆ ಕಡೆಯವರೂ ಒಬ್ಬೊಬ್ಬರಾಗಿ ಬಿಟ್ಟರು. ನವೆಂಬರ್ 1ಕ್ಕೆ ಕಾಯ್ದೆ ಜಾರಿಗೆ ಬಂದಾಗ ಕಾಗದ ಮಾರುವವರೇ ಇರಲಿಲ್ಲ ಅನ್ನಬಹುದು. 1766ರ ಮಾರ್ಚಿನಲ್ಲಿ ಕಾಯ್ದೆ ರದ್ದಾಯಿತು. ಆದರೆ ಅದೇ ದಿನ ಇನ್ನೊಂದು ಕಾಯ್ದೆ ಬಂತು: ನಿಮ್ಮ ಮೇಲೆ ಯಾವ ವಿಷಯದಲ್ಲಾದರೂ ಕಾನೂನು ಮಾಡುವ ಅಧಿಕಾರ ನಮಗಿದೆ ಅಂತ. ಮಗಳಿಗೆ ಇದನ್ನು ತಪ್ಪದೆ ಹೇಳಿ. ಮುಂದಿನ ಜಗಳವೆಲ್ಲ ಇಲ್ಲಿಂದಲೇ.

ಸಾಗರದವ, ಈಗ ಬಾಸ್ಟನ್:
ಮೇಡಂ ಮಾತಿಗೆ ಟೀ ಕಥೆ ಸೇರಿಸುತ್ತೇನೆ. 1773ರ ಟೀ ಕಾಯ್ದೆಯಿಂದ ಟೀ ಅಗ್ಗವಾಗುತ್ತಿತ್ತು! ಈಸ್ಟ್ ಇಂಡಿಯಾ ಕಂಪನಿಯ ಗೋದಾಮಿನಲ್ಲಿ ಚೀನಾದ ಟೀ ರಾಶಿ ಬಿದ್ದಿತ್ತು. ಅದನ್ನು ನೇರವಾಗಿ ಅಮೆರಿಕಕ್ಕೆ ಕಳಿಸಲು ಬಿಟ್ಟರು. ಪೌಂಡಿಗೆ 3 ಪೆನ್ಸ್ ಸುಂಕ ಮಾತ್ರ ಉಳಿಸಿಕೊಂಡರು. ಅಗ್ಗದ ಟೀ ಕುಡಿದರೆ ಆ ಸುಂಕವನ್ನು ಒಪ್ಪಿಕೊಂಡ ಹಾಗೆ ಅಂತ ಇಲ್ಲಿಯವರಿಗೆ ಗೊತ್ತಿತ್ತು.

ಅವತ್ತು ಜನ ಸೇರಿದ್ದ ಓಲ್ಡ್ ಸೌತ್ ಮೀಟಿಂಗ್ ಹೌಸ್ ಈಗಲೂ ಇದೆ, ಹೋಗಿ ಕೂತು ಬಂದಿದ್ದೇನೆ. ಹಡಗು ಬಂದು ಇಪ್ಪತ್ತು ದಿನದೊಳಗೆ ಸುಂಕ ಕಟ್ಟದಿದ್ದರೆ ಕಸ್ಟಮ್ಸ್‌ನವರು ಮಾಲು ಜಪ್ತಿ ಮಾಡಬಹುದಿತ್ತು. ಜಪ್ತಿಯಾದರೆ ಟೀ ಹೇಗಾದರೂ ಊರೊಳಗೆ ಬಂದುಬಿಡುತ್ತದೆ. ಗವರ್ನರ್ ಹಚಿನ್ಸನ್ ಹಡಗನ್ನು ವಾಪಸ್ ಹೋಗಲೂ ಬಿಡಲಿಲ್ಲ. ಗಡುವು ಮುಗಿಯುವ ಮುಂಚಿನ ರಾತ್ರಿ, ಡಿಸೆಂಬರ್ 16ರಂದು, 342 ಪೆಟ್ಟಿಗೆ ಒಡೆದು ಟೀ ನೀರಿಗೆ ಸುರಿದರು.

ಇನ್ನೊಂದು ವಿಷಯ, ನಮ್ಮವರಿಗೆ ಖುಷಿ ಕೊಡುವಂಥದ್ದು. 1782ರಲ್ಲಿ ಪೆನ್ಸಿಲ್ವೇನಿಯಾದವರು ಬ್ರಿಟಿಷರ ವಿರುದ್ಧ ಇಳಿಸಿದ ಒಂದು ಯುದ್ಧನೌಕೆಯ ಹೆಸರು ಹೈದರ್ ಆಲಿ.

ತಿಪಟೂರು ಪತ್ರ ಬರಹಗಾರ:
ಹೈದರ್ ಆಲಿಯ ವಿಷಯ ಕೇಳಿ ಮೈ ಜುಮ್ಮೆಂದಿತು ಸರ್. ಕಾಗದ ಬಂದಿಲ್ಲ ಅಂತ ರಿಜಿಸ್ಟ್ರೇಷನ್ ನಿಂತ ದಿನ, ಹಳ್ಳಿಯಿಂದ ಬಂದವರು ಮಧ್ಯಾಹ್ನದವರೆಗೆ ಕಟ್ಟೆ ಮೇಲೆ ಕೂತಿರುವುದನ್ನು ನೋಡಿದ್ದೇನೆ. ಅಲ್ಲಿ ಕಾಗದ ಸಮುದ್ರ ದಾಟಿ ಬರಬೇಕಿತ್ತು! ಎರಡನೇ ಪ್ರಶ್ನೆ ಉಳಿದಿದೆ ಮೇಡಂ.

ಹಾಸನದ ನಿವೃತ್ತ ಉಪನ್ಯಾಸಕಿ:
ತಮ್ಮದೇ ಸರ್ಕಾರ ಕಟ್ಟಿಕೊಂಡಾಗ ಅವರು ತೆರಿಗೆಗೆ ಎಷ್ಟು ಹೆದರಿದ್ದರೆಂದರೆ, 1781ರಲ್ಲಿ ಜಾರಿಗೆ ಬಂದ ಮೊದಲ ಒಪ್ಪಂದದಲ್ಲಿ ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವನ್ನೇ ಕೊಡಲಿಲ್ಲ. ರಾಜ್ಯಗಳನ್ನು ಕೇಳಬೇಕು, ಕೊಟ್ಟಷ್ಟು ತೆಗೆದುಕೊಳ್ಳಬೇಕು. ಆಮದಿನ ಮೇಲೆ ಶೇ. 5 ಸುಂಕ ಹಾಕೋಣ ಅಂದರೆ ಪುಟ್ಟ ರೋಡ್ ಐಲೆಂಡ್ ಒಂದೇ ಬೇಡ ಅಂದಿತು, ಅಲ್ಲಿಗೆ ಮುಗಿಯಿತು. ಯುದ್ಧ ಮಾಡಿದ ಸೈನಿಕರ ಸಂಬಳಕ್ಕೂ ದುಡ್ಡಿರಲಿಲ್ಲ.

ನನ್ನ ಮನಸ್ಸಿಗೆ ನಾಟಿದ್ದು ಮ್ಯಾಸಚೂಸೆಟ್ಸ್ ರೈತರ ಕಥೆ. ಯುದ್ಧದ ಸಾಲ ತೀರಿಸಲು ಆ ರಾಜ್ಯವೇ ಭಾರಿ ತೆರಿಗೆ ಹಾಕಿತು. ಕಟ್ಟಲಾಗದವರ ಜಮೀನು, ದನ ಜಪ್ತಿ. 1786ರಲ್ಲಿ ರೈತರು ಕೋರ್ಟುಗಳನ್ನೇ ಮುತ್ತಿದರು. ಮುಂದಾಳುಗಳಲ್ಲಿ ಒಬ್ಬ ಡೇನಿಯಲ್ ಶೇಸ್, ಸ್ವಾತಂತ್ರ್ಯ ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದವನು. 1787ರ ಜನವರಿಯಲ್ಲಿ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಮುಂದೆ ಗುಂಡು ಹಾರಿ ನಾಲ್ವರು ರೈತರು ಸತ್ತರು. ಅದೇ ಬೇಸಿಗೆ ಫಿಲಡೆಲ್ಫಿಯಾದಲ್ಲಿ ಹೊಸ ಸಂವಿಧಾನ ಬರೆದರು. ತೆರಿಗೆ ಅಧಿಕಾರ ಕಾಂಗ್ರೆಸ್ಸಿಗೆ ಕೊಟ್ಟರು. ಆದರೆ ತೆರಿಗೆ ಮಸೂದೆ ಜನ ನೇರವಾಗಿ ಆರಿಸಿದ ಸದನದಲ್ಲೇ ಹುಟ್ಟಬೇಕು. ನಮ್ಮಲ್ಲೂ ಹಣಕಾಸು ಮಸೂದೆ ಲೋಕಸಭೆಯಲ್ಲೇ ಮಂಡನೆಯಾಗಬೇಕು ಅಲ್ವಾ? ಕಾನೂನಿನ ಅಧಿಕಾರವಿಲ್ಲದೆ ತೆರಿಗೆ ಇಲ್ಲ ಅಂತ 265ನೇ ವಿಧಿಯೂ ಇದೆ.

ಗುಲಾಮರಾಗಿದ್ದ ಕಪ್ಪು ಜನರನ್ನು ಮಾತ್ರ, ಸೀಟು ಹಂಚಲೂ ನೇರ ತೆರಿಗೆ ಹಂಚಲೂ, ಐದರಲ್ಲಿ ಮೂರು ಪಾಲು ಅಂತ ಲೆಕ್ಕ ಹಿಡಿದರು.

ತಿಪಟೂರು ಪತ್ರ ಬರಹಗಾರ:
ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ ಮೇಡಂ. ಅವಳು ಒಂದೇ ಕೇಳಿದಳು. ಲೆಕ್ಕಕ್ಕೆ ಹಿಡಿದ ಆ ಜನರಿಗೆ ವೋಟು ಇತ್ತಾ?

ಹಾಸನದ ನಿವೃತ್ತ ಉಪನ್ಯಾಸಕಿ:
ಇರಲಿಲ್ಲ ಅಂತ ಹೇಳಿ. ಅವರನ್ನು ಎಣಿಸಿ ಬಂದ ಸೀಟುಗಳಲ್ಲಿ ಅವರ ಯಜಮಾನರ ಕಡೆಯವರು ಕೂತರು. ಗುಲಾಮಗಿರಿ ಕಾನೂನಿನಲ್ಲಿ ಹೋಗಿದ್ದು 1865ರಲ್ಲಿ. ಬಣ್ಣ ನೋಡಿ ವೋಟು ತಪ್ಪಿಸಬಾರದು ಅಂತ ಸಂವಿಧಾನದಲ್ಲಿ ಬರೆದದ್ದು 1870ರಲ್ಲಿ.