ಫಿಲಾಸಫಿ ಅಸೈನ್‌ಮೆಂಟ್ ಎಐ ಕೈಲಿ ಬರೆಸಿದ್ದಾರೆ, ಮಾರ್ಕ್ಸ್ ಹೇಗೆ ಕೊಡೋದು?

ಮಂಡ್ಯ ಮೇಡಂ:

ಮಂಡ್ಯದ ಒಂದು ಡಿಗ್ರಿ ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್ ನಾನು. ಫಸ್ಟ್ ಸೆಮ್ ಬಿಎ ಮಕ್ಕಳಿಗೆ ತತ್ವಶಾಸ್ತ್ರ ಪರಿಚಯದ ಪೇಪರ್ ತೆಗೆದುಕೊಳ್ಳುತ್ತೇನೆ. ಇಂಟರ್ನಲ್‌ಗೆ ಅಂತ ಹತ್ತು ಮಾರ್ಕ್ಸಿನ ಒಂದು ಅಸೈನ್‌ಮೆಂಟ್ ಕೊಟ್ಟೆ. ಪ್ರಶ್ನೆ ಇಷ್ಟೇ: ಕಣ್ಣಾರೆ ಕಂಡಿದ್ದನ್ನೆಲ್ಲ ನಂಬಬಹುದಾ? ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್ ಏನು ಹೇಳುತ್ತಾನೆ, ನಮ್ಮ ಹಳೇ ಭೌತವಾದಿಗಳಾದ ಚಾರ್ವಾಕರು ಏನು ಹೇಳುತ್ತಾರೆ, ನೀವೇನು ಹೇಳುತ್ತೀರಿ? ಮೂರು ಪುಟ.

ಹೆಚ್ಚುಕಡಿಮೆ ಎಲ್ಲರೂ ಎ4 ಶೀಟಿಗೆ ಮಾರ್ಜಿನ್ ಹೊಡೆದು, ಹೆಡ್ಡಿಂಗಿಗೆ ಬೇರೆ ಬಣ್ಣದ ಪೆನ್ನು ಬಳಸಿ, ನೀಟಾಗಿ ಬರೆದು ತಂದಿದ್ದಾರೆ. ಕೈಬರಹ ಅವರದೇ, ಮಾತು ಅವರದಲ್ಲ. ಹನ್ನೊಂದು ಜನರ ಶೀಟಿನಲ್ಲಿ “ಚಾರ್ವಾಕರು ಅನುಮಾನವನ್ನು ಪ್ರಮುಖ ಪ್ರಮಾಣವೆಂದು ಅಂಗೀಕರಿಸುತ್ತಾರೆ” ಅನ್ನೋ ಒಂದೇ ವಾಕ್ಯ ಇದೆ. ಚಾರ್ವಾಕರಿಗೆ ಪ್ರತ್ಯಕ್ಷ (ಇಂದ್ರಿಯಗಳಿಂದ ನೇರವಾಗಿ ತಿಳಿದಿದ್ದು) ಒಂದೇ ಪ್ರಮಾಣ, ಅಂದರೆ ಜ್ಞಾನಕ್ಕೆ ಆಧಾರ; ಅನುಮಾನವನ್ನು (ಕಂಡಿದ್ದರಿಂದ ಕಾಣದ್ದನ್ನು ಊಹಿಸಿ ತಿಳಿಯೋದನ್ನು) ಅವರು ಒಪ್ಪಲ್ಲ ಅಂತ ಬೋರ್ಡ್ ಮೇಲೆ ದೊಡ್ಡದಾಗಿ ಬರೆದು ಹೇಳಿಕೊಟ್ಟಿದ್ದೆ. ತಪ್ಪು ಬರೆಯಲಿ, ಬೇಜಾರಿಲ್ಲ. ಹನ್ನೊಂದು ಜನ ಒಂದೇ ತಪ್ಪನ್ನು ಒಂದಕ್ಷರ ಆಚೀಚೆ ಇಲ್ಲದೆ ಬರೆದರೆ ಏನನ್ನೋದು? ಇನ್ನೊಬ್ಬ ಹುಡುಗ ಹಿರಿಯಣ್ಣನವರ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ಯಿಂದ ಅಂತ ಒಂದು ಮಾತು ಎತ್ತಿ ಬರೆದು ಪುಟ 612 ಅಂತ ಹಾಕಿದ್ದಾನೆ. ಲೈಬ್ರರಿಯಿಂದ ಪುಸ್ತಕ ತೆಗೆಸಿ ನೋಡಿದೆ. ಅದರಲ್ಲಿ ಅಷ್ಟು ಪುಟವೇ ಇಲ್ಲ.

ಇದೆಲ್ಲ ಒಂದು ಕಡೆ. ನನ್ನ ನಿಜವಾದ ತಲೆನೋವು ಇನ್ನೊಬ್ಬ ಹುಡುಗಿಯದು. ಕಾಗುಣಿತ ತಪ್ಪು, ಡೆಕಾರ್ಟ್ ಹೆಸರನ್ನು ಮೂರು ಥರ ಬರೆದಿದ್ದಾಳೆ, ಮೂರು ಪುಟ ಕೇಳಿದರೆ ಒಂದೂವರೆ ಪುಟ ಕೊಟ್ಟಿದ್ದಾಳೆ. ಆದರೆ ಅವಳು ಬರೆದಿರೋದು ಇದು: ಅವರಪ್ಪ ಕಬ್ಬಿನ ಲೋಡು ಕಣ್ಣಲ್ಲಿ ನೋಡಿ ಇಷ್ಟು ಟನ್ ಬರುತ್ತೆ ಅಂತಾರೆ, ಲೋಡು ತೂಕ ಹಾಕೋ ವೇಬ್ರಿಡ್ಜ್‌ನ ಚೀಟಿ ಬೇರೇನೋ ಹೇಳುತ್ತೆ. ಅಪ್ಪನದು ಪ್ರತ್ಯಕ್ಷ, ಚೀಟಿ ಬೇರೆಯವರ ಮಾತು. ಚಾರ್ವಾಕ ಆಗಿದ್ದರೆ ಅಪ್ಪನನ್ನೇ ನಂಬಬೇಕು. ಆದರೆ ದುಡ್ಡು ಬರೋದು ಚೀಟಿ ಪ್ರಕಾರ, ಹಾಗಾಗಿ ಚಾರ್ವಾಕರ ಮಾತು ನಮ್ಮ ಮನೆಯಲ್ಲಿ ನಡೆಯಲ್ಲ. ಅಲ್ಲಿಗೆ ನಿಲ್ಲಿಸಿಬಿಟ್ಟಿದ್ದಾಳೆ, ಮುಂದೆ ಇಲ್ಲ.

ಭಾಷೆ, ಅಚ್ಚುಕಟ್ಟು, ಉದ್ದ ನೋಡಿ ಮಾರ್ಕ್ಸ್ ಹಾಕಿದರೆ ನಕಲು ಮಾಡಿದವರಿಗೆ ಎಂಟು, ಇವಳಿಗೆ ಐದು. ಕಾಲೇಜಿನಲ್ಲಿ ಕೇಳಿದರೆ “ಇಂಟರ್ನಲ್ ಅಲ್ವಾ ಮೇಡಂ, ಎಲ್ಲರಿಗೂ ಎಂಟು ಹಾಕಿ ಕೈ ತೊಳ್ಕೊಳ್ಳಿ” ಅಂತಾರೆ. ಎಐ ಕಂಡುಹಿಡಿಯೋ ಯಾವುದಾದರೂ ನಂಬಬಹುದಾದ ಸಾಫ್ಟ್‌ವೇರ್ ಇದೆಯಾ? ಸೊನ್ನೆ ಹಾಕಿದರೆ ನಡೆಯುತ್ತಾ? ಅನುಭವ ಇರೋರು ಹೇಳಿ.

ಮದ್ದೂರು ಮೇಷ್ಟ್ರು:

ಸೊನ್ನೆ ಹಾಕಿ ಮೇಡಂ. ನಾನು ಪೊಲಿಟಿಕಲ್ ಸೈನ್ಸ್ ತೆಗೆದುಕೊಳ್ಳುತ್ತೇನೆ, ನನ್ನದೂ ಇದೇ ಕಥೆ. ಒಂದು ಸಲ ಬಿಟ್ಟರೆ ಮುಂದಿನ ಸೆಮ್‌ನಲ್ಲಿ ಇಡೀ ಕ್ಲಾಸ್ ಹಾಗೇ ಮಾಡುತ್ತೆ. ಪಾಪ ಹಳ್ಳಿ ಮಕ್ಕಳು, ಬಸ್ಸಲ್ಲಿ ಬರ್ತಾರೆ, ಮನೇಲಿ ಕೆಲಸ ಇರುತ್ತೆ ಅಂತೆಲ್ಲ ಇಲ್ಲಿ ಈಗ ಶುರುವಾಗುತ್ತೆ ನೋಡ್ತಾ ಇರಿ. ಆ ಕಬ್ಬಿನ ಹುಡುಗಿಯೂ ಹಳ್ಳಿಯವಳೇ ಅಲ್ವಾ? ಅವಳ ಮನೇಲೂ ಕೆಲಸ ಇರುತ್ತೆ. ಅವಳು ಬರೆದಳಲ್ಲ.

ಅಕಾಡೆಮಿಕ್ ಸೆಕ್ಷನ್:

ಸ್ವಲ್ಪ ನಿಯಮದ ವಿಷಯ ಹೇಳುತ್ತೇನೆ, ಯಾಕಂದರೆ ಸೊನ್ನೆ ಹಾಕಿ ಅನ್ನೋರು ಸಾಮಾನ್ಯವಾಗಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಹೆಸರು ಹೇಳುತ್ತಾರೆ. ಕೃತಿಚೌರ್ಯದ ಬಗ್ಗೆ ಯುಜಿಸಿ 2018ರಲ್ಲಿ ನಿಯಮಾವಳಿ ತಂದಿದ್ದು ನಿಜ. ಬೇರೆಯವರ ಬರಹದ ಜೊತೆ ಹೋಲಿಕೆ ಶೇ 10ರವರೆಗೆ ಇದ್ದರೆ ಶಿಕ್ಷೆ ಇಲ್ಲ. 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ತಿದ್ದಿದ್ದನ್ನೂ ಕೊಡೋ ಹಾಗಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಆದರೆ ಇದೆಲ್ಲ ಸ್ನಾತಕೋತ್ತರ ಪ್ರಬಂಧ, ಪಿಎಚ್‌ಡಿ ಥೀಸಿಸ್‌ಗಳಿಗೆ; ಮೇಷ್ಟ್ರುಗಳ ಪೇಪರ್‌ಗಳಿಗೆ ಶಿಕ್ಷೆ ಬೇರೆ. ಅಸೈನ್‌ಮೆಂಟ್, ಪ್ರಾಜೆಕ್ಟ್ ರಿಪೋರ್ಟ್, ಉತ್ತರ ಪತ್ರಿಕೆ ಇದಕ್ಕೆ ಸೇರಲ್ಲ ಅಂತ ಆ ನಿಯಮದಲ್ಲೇ ಬಿಡಿಸಿ ಹೇಳಿದ್ದಾರೆ. ಅಂದರೆ ಫಸ್ಟ್ ಸೆಮ್ ಅಸೈನ್‌ಮೆಂಟಿಗೆ ಆ ಪರ್ಸೆಂಟೇಜ್ ತೋರಿಸಿ ಹೆದರಿಸೋಕೆ ಆಗಲ್ಲ. ನಿಮ್ಮ ಕಾಲೇಜು ಅಥವಾ ವಿಭಾಗ ಮೊದಲೇ ಏನು ಹೇಳಿತ್ತು ಅನ್ನೋದೇ ಲೆಕ್ಕ. ಎಐ ಬಳಸಬಾರದು, ಬಳಸಿದರೆ ಇಷ್ಟು ಕಟ್ ಅಂತ ಅಸೈನ್‌ಮೆಂಟ್ ಕೊಡುವಾಗ ಹೇಳಿದ್ರಾ ಮೇಡಂ? ಹೇಳಿಲ್ಲ ಅಂದರೆ ಸೊನ್ನೆ ನಿಲ್ಲೋದು ಕಷ್ಟ.

ಸಾಫ್ಟ್‌ವೇರ್ ಸಹವಾಸ ಬೇಡ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐನವರೇ ಎಐ ಬರಹ ಪತ್ತೆ ಮಾಡೋ ಒಂದು ಟೂಲ್ ಬಿಟ್ಟಿದ್ದರು. ಅವರ ಪರೀಕ್ಷೆಯಲ್ಲೇ ಅದು ಎಐ ಬರಹದಲ್ಲಿ ಶೇ 26ರಷ್ಟನ್ನು ಮಾತ್ರ ಸರಿಯಾಗಿ ಹಿಡಿಯಿತು, ಮನುಷ್ಯರು ಬರೆದಿದ್ದರಲ್ಲಿ ಶೇ 9ರಷ್ಟನ್ನು ಎಐ ಅಂದಿತು. 2023ರ ಜುಲೈನಲ್ಲಿ ವಾಪಸ್ ತೆಗೆದುಕೊಂಡರು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನವರು ಇಂಥ ಏಳು ಟೂಲ್‌ಗಳಿಗೆ ಟೋಫೆಲ್ ಅನ್ನೋ ಇಂಗ್ಲಿಷ್ ಪರೀಕ್ಷೆಯ 91 ಪ್ರಬಂಧ ಕೊಟ್ಟು ನೋಡಿದರು. ಎಲ್ಲವೂ ಇಂಗ್ಲಿಷ್ ಮನೆಮಾತಲ್ಲದವರು ಕೈಯಾರೆ ಬರೆದಿದ್ದು. ಸರಾಸರಿ ಶೇ 61ರಷ್ಟು ಪ್ರಬಂಧಗಳನ್ನು ಎಐ ಅಂತ ತಪ್ಪಾಗಿ ಹೇಳಿದವು. ಇಂಗ್ಲಿಷಿಗೇ ಈ ಗತಿ. ನಿಮ್ಮ ಮಕ್ಕಳು ಕೈಯಲ್ಲಿ ಬರೆದ ಕನ್ನಡವನ್ನು ಟೈಪ್ ಮಾಡಿ ಹಾಕಿ, ಅದು ಕೊಟ್ಟ ನಂಬರ್ ನೋಡಿ ಒಬ್ಬ ಹುಡುಗನ ಮಾರ್ಕ್ಸ್ ಕಳೆಯುತ್ತೀರಾ?

ಕುಕ್ಕರಹಳ್ಳಿ ವಾಕರ್:

ಮೈಸೂರಿನಲ್ಲಿ ಬಹಳ ವರ್ಷ ಇದೇ ಸಬ್ಜೆಕ್ಟ್ ಪಾಠ ಮಾಡಿ ರಿಟೈರ್ ಆದವನು ನಾನು. ಮೇಡಂ, ಮೊದಲು ಒಂದು ವಿಷಯ. ಹಿರಿಯಣ್ಣನವರು ಇಲ್ಲೇ ಮಹಾರಾಜ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದವರು. 1932ರಲ್ಲಿ ಬಂದ ಅವರ ಆ ಪುಸ್ತಕದಲ್ಲಿ ಒಂದು ಮಾತೂ ಜಾಸ್ತಿ ಇಲ್ಲ. ಅಂಥವರ ಬಾಯಲ್ಲಿ ಇಲ್ಲದ ಮಾತು ತುರುಕಿ, ಇಲ್ಲದ ಪುಟದ ನಂಬರ್ ಹಾಕೋದು ಅಂದರೆ ನನಗಂತೂ ಮೈ ಉರಿಯುತ್ತೆ. ಆ ಹುಡುಗನದು ಮಾತ್ರ ಬೇರೆ ಕೇಸು. ಅಲ್ಲಿ ಎಐ ಬಳಸಿದನಾ ಇಲ್ಲವಾ ಅನ್ನೋ ಪ್ರಶ್ನೆಯೇ ಬೇಕಿಲ್ಲ. ಸುಳ್ಳು ಆಧಾರ ಕೊಟ್ಟಿದ್ದಾನೆ, ಪುಸ್ತಕ ತೆರೆದರೆ ಗೊತ್ತಾಗುತ್ತೆ, ಅವನೂ ನೋಡಬಹುದು. ಯಾರಿಂದ ಬರೆಸಿದರೂ ಸುಳ್ಳು ಸುಳ್ಳೇ.

ಉಳಿದವರ ವಿಷಯ ಹಾಗಲ್ಲ. “ಇಷ್ಟು ಚೆನ್ನಾಗಿ ಬರೆದಿದ್ದಾರೆ, ಹಾಗಾಗಿ ಎಐ” ಅನ್ನೋದನ್ನು ನ್ಯಾಯ ದರ್ಶನದವರ (ನಮ್ಮ ಹಳೇ ತರ್ಕಶಾಸ್ತ್ರದವರ) ಮುಂದಿಟ್ಟರೆ ಒಂದು ನಿಮಿಷ ನಿಲ್ಲಲ್ಲ. ಹೊಗೆ ಇದೆ, ಆದ್ದರಿಂದ ಬೆಟ್ಟದಲ್ಲಿ ಬೆಂಕಿ ಇದೆ ಅನ್ನಬಹುದು. ಬೆಂಕಿ ಇದೆ, ಆದ್ದರಿಂದ ಹೊಗೆ ಇದೆ ಅನ್ನೋ ಹಾಗಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಎಲ್ಲಿದೆ? ಎಐ ಬರೆದರೆ ಭಾಷೆ ನುಣ್ಣಗಿರುತ್ತೆ, ಒಪ್ಪಿದೆ. ನುಣ್ಣಗಿರೋದೆಲ್ಲ ಎಐ ಬರೆದಿದ್ದಲ್ಲ. ನನ್ನ ಕಾಲದಲ್ಲಿ ಜೆರಾಕ್ಸ್ ಅಂಗಡಿ ನೋಟ್ಸಿನ ಭಾಷೆಯೂ ಹೀಗೇ ಇತ್ತು, ಸೀನಿಯರ್‌ಗಳ ಅಸೈನ್‌ಮೆಂಟ್ ವರ್ಷ ವರ್ಷ ಹೆಸರು ಬದಲಾಯಿಸಿಕೊಂಡು ಬರುತ್ತಿತ್ತು. ಹನ್ನೊಂದು ಜನರ ಆ ಒಂದೇ ವಾಕ್ಯ ನಕಲಿಗೆ ಸಾಕ್ಷಿ, ಎಐಗೆ ಸಾಕ್ಷಿ ಅಲ್ಲ. ಹನ್ನೊಂದರಲ್ಲಿ ಹತ್ತು ಜನ ಒಬ್ಬನ ಶೀಟ್ ನೋಡಿ ಬರೆದಿರಬಹುದು.

ಹಾಗಾಗಿ ಎಲ್ಲಿಂದ ಬಂತು ಅಂತ ಪತ್ತೇದಾರಿ ಮಾಡೋದು ಬಿಡಿ. ಬರೆದಿದ್ದು ತಲೆಯೊಳಗೆ ಇದೆಯಾ ನೋಡಿ. ಸಾಕ್ರಟೀಸ್ ಒಂದಕ್ಷರ ಬರೆದವನಲ್ಲ, ಎದುರಿಗೆ ನಿಲ್ಲಿಸಿಕೊಂಡು ಕೇಳುತ್ತಿದ್ದ. ಮೊದಲನೇ ಪ್ರಶ್ನೆಗೆ ಎಲ್ಲರೂ ಉತ್ತರ ಹೇಳುತ್ತಾರೆ, ಎರಡನೆಯದರಲ್ಲಿ ಬಂಡವಾಳ ಬಯಲಾಗುತ್ತೆ. ಅವರದೇ ಶೀಟ್ ಅವರ ಕೈಗೆ ಕೊಟ್ಟು ಕೂರಿಸಿ. “ಡೆಕಾರ್ಟ್ ಎಲ್ಲವನ್ನೂ ಸಂದೇಹಪಟ್ಟ ಅಂತ ಬರೆದಿದ್ದೀಯಲ್ಲಪ್ಪ, ಅವನಿಗೆ ಯಾವುದರ ಮೇಲೆ ಸಂದೇಹಪಡೋಕೆ ಆಗಲಿಲ್ಲ?” ಪಾಠ ಕೇಳಿದವನು ‘ಯೋಚನೆ ಮಾಡುತ್ತಿರೋ ನಾನು’ ಅನ್ನೋ ಕಡೆಗೆ ಹೇಗಾದರೂ ಬರುತ್ತಾನೆ. ಆಮೇಲೆ ಇನ್ನೊಂದು: “ಚಾರ್ವಾಕ ಅನುಮಾನ ಒಪ್ಪಲ್ಲ ಅಂದರೆ ನಾಳೆ ಬೆಳಿಗ್ಗೆ ಬಸ್ ಬರುತ್ತೆ ಅಂತ ಅವನು ಸ್ಟಾಪಿನಲ್ಲಿ ಯಾಕೆ ನಿಲ್ಲುತ್ತಾನೆ?” ಇದಕ್ಕೆ ಸರಿ ಉತ್ತರ ಬೇಕಿಲ್ಲ. ಒದ್ದಾಡಿದರೂ ಸಾಕು. ಎರಡೇ ಪ್ರಶ್ನೆ, ಒಬ್ಬೊಬ್ಬರಿಗೆ ಐದು ನಿಮಿಷ. ಹತ್ತರಲ್ಲಿ ಆರು ಮಾರ್ಕ್ಸ್ ಅಲ್ಲಿಗೆ ಇಡಿ, ನಾಲ್ಕು ಬರಹಕ್ಕೆ.

ಕೆ.ಆರ್. ಪೇಟೆ ಹುಡುಗ:

ನಾನು ಬಿಎ ಎರಡನೇ ವರ್ಷ, ಬೇರೆ ಕಾಲೇಜು. ಬೈಬೇಡಿ, ನಮ್ಮ ಕಡೆ ಮಾತೂ ಕೇಳಿ. ಎಷ್ಟೋ ಸಲ ಪ್ರಶ್ನೆ “ಡೆಕಾರ್ಟ್‌ನ ಸಂದೇಹ ವಿಧಾನ ವಿವರಿಸಿ” ಅಂತ ಇರುತ್ತೆ. ವಿವರಿಸೋಕೆ ನಮ್ಮ ಹತ್ತಿರ ಏನಿದೆ? ಲೈಬ್ರರಿಯಲ್ಲಿ ಇರೋ ಪುಸ್ತಕ ಇಂಗ್ಲಿಷಿನಲ್ಲಿ, ಕನ್ನಡದ್ದು ಒಂದು ಪ್ರತಿ ಇದ್ದರೆ ಅದು ಯಾರ ಹತ್ತಿರವೋ ಇರುತ್ತೆ. ಮೊಬೈಲ್ ಕೇಳಿದರೆ ಎರಡು ನಿಮಿಷದಲ್ಲಿ ಕನ್ನಡದಲ್ಲಿ ಹೇಳುತ್ತೆ. ಅದು ತಪ್ಪು ಹೇಳುತ್ತಿದೆ ಅಂತ ನಮಗೆ ಗೊತ್ತಾಗೋದು ಹೇಗೆ? ಗೊತ್ತಿದ್ದರೆ ಅದನ್ನು ಕೇಳುತ್ತಲೇ ಇರಲಿಲ್ಲ.

ಮತ್ತೆ ಆ ವಾಕರ್ ಸಾರ್ ಹೇಳಿದ ವೈವಾ, ಅದೇ ಎದುರಿಗೆ ಕೂರಿಸಿ ಪ್ರಶ್ನೆ ಕೇಳೋದು. ಮಾತಾಡೋಕೆ ಬರೋರಿಗೆ ಅದು ಸುಲಭ ಸಾರ್. ನಮ್ಮ ಕ್ಲಾಸಲ್ಲಿ ಒಬ್ಬನಿದ್ದಾನೆ, ಏನೂ ಓದದೆ ಯಾವ ಪ್ರಶ್ನೆಗೆ ಬೇಕಾದರೂ ಐದು ನಿಮಿಷ ಮಾತಾಡುತ್ತಾನೆ. ಆ ಕಬ್ಬಿನ ಹುಡುಗಿ ಮೇಡಂ ಮುಂದೆ ಕೂತ ತಕ್ಷಣ ಬಾಯಿ ಕಟ್ಟಿಕೊಂಡರೆ? ಆರು ಮಾರ್ಕ್ಸ್ ಅವನಿಗೆ ಹೋಗುತ್ತೆ.

ಕುಕ್ಕರಹಳ್ಳಿ ವಾಕರ್:

ಮಗು ಹೇಳೋದು ಸರಿ ಇದೆ. ಅಂಥವರಿಗೆ ಅದೇ ಎರಡು ಪ್ರಶ್ನೆ ಕೊಟ್ಟು ಕ್ಲಾಸಿನಲ್ಲೇ ಬ್ಲೂ ಬುಕ್‌ನಲ್ಲಿ ಬರೆಸಿ, ಮೊಬೈಲ್ ಬ್ಯಾಗಿನಲ್ಲಿರಲಿ. ಹೇಳೋದಾ ಬರೆಯೋದಾ ಅನ್ನೋದು ಅವರ ಇಷ್ಟ. ಮಾತುಗಾರನ ಚಿಂತೆ ಬೇಡಪ್ಪ, ಅವನ ಐದು ನಿಮಿಷದಲ್ಲಿ ಕೇಳಿದ ಪ್ರಶ್ನೆಗೆ ಎಷ್ಟು ಉತ್ತರ ಇತ್ತು ಅಂತ ನೋಡೋಕೆ ತಾನೇ ಮೇಡಂ ಅಲ್ಲಿ ಕೂತಿರೋದು.

ಮದ್ದೂರು ಮೇಷ್ಟ್ರು:

ಒಬ್ಬೊಬ್ಬರಿಗೆ ಐದು ನಿಮಿಷ ಅಂದರೆ ಎಪ್ಪತ್ತು ಜನರ ಕ್ಲಾಸಿಗೆ ಎಷ್ಟಾಯ್ತು ಸಾರ್? ಸುಮಾರು ಆರು ಗಂಟೆ. ಗೆಸ್ಟ್ ಲೆಕ್ಚರರ್‌ಗೆ ಆ ಸಮಯಕ್ಕೆ ಯಾರೂ ದುಡ್ಡು ಕೊಡಲ್ಲ. ರಿಟೈರ್ ಆದಮೇಲೆ ಎಲ್ಲ ಸಲಹೆಯೂ ಸುಲಭ.

ಮಂಡ್ಯ ಮೇಡಂ:

ಜಗಳ ಬೇಡ, ಇಬ್ಬರೂ ನನಗೆ ಉಪಕಾರ ಮಾಡಿದ್ದೀರಿ. ನನ್ನ ಕ್ಲಾಸಲ್ಲಿ ಎಪ್ಪತ್ತಿಲ್ಲ, ಅದರ ಅರ್ಧವೂ ಇಲ್ಲ. ಫಿಲಾಸಫಿ ಯಾರು ತೆಗೆದುಕೊಳ್ಳುತ್ತಾರೆ ಸಾರ್ ಈಗ. ಎಐ ಬಗ್ಗೆ ಮೊದಲೇ ಹೇಳಿದ್ರಾ ಅಂತ ಕೇಳಿದ್ರಲ್ಲ, “ಸ್ವಂತವಾಗಿ ಬರೆಯಿರಿ” ಅಂತ ಶೀಟಿನಲ್ಲೇ ಇತ್ತು, ಕಟ್ ಎಷ್ಟು ಅಂತ ಇರಲಿಲ್ಲ. ಆದ್ದರಿಂದ ಎಲ್ಲರಿಗೂ ಸೊನ್ನೆ ಹಾಕಲ್ಲ. ನಕಲು ಮಾಡಿದವರಿಗೆ ಮಾತ್ರ ವೈವಾ ಇಟ್ಟರೆ ಅದೇ ಶಿಕ್ಷೆ ಆಗುತ್ತೆ, ಹಾಗಾಗಿ ಇಡೀ ಕ್ಲಾಸಿಗೆ ಇಡುತ್ತೇನೆ. ಹೇಳಿದರೂ ಸರಿ, ಬರೆದರೂ ಸರಿ. ಪುಟ 612ರ ಹುಡುಗನಿಗೆ ಪುಸ್ತಕ ಕೊಟ್ಟು ಆ ಮಾತು ಎಲ್ಲಿದೆ ತೋರಿಸು ಅಂತೀನಿ. ತೋರಿಸದಿದ್ದರೆ ಬರಹದ ನಾಲ್ಕು ಮಾರ್ಕ್ಸ್ ಇಲ್ಲ, ಉಳಿದ ಆರಕ್ಕೆ ಅವನಿಗೂ ಅವಕಾಶ ಇದೆ.

ಕಬ್ಬಿನ ಹುಡುಗಿಗೆ ಇವತ್ತು ಕಾರಿಡಾರಿನಲ್ಲಿ ಸುಮ್ನೆ ಒಂದು ಮಾತು ಕೇಳಿದೆ: “ಚೀಟಿಯನ್ನು ನಂಬೋದು ಅದು ಸರಿ ಅಂತಲಾ, ಬೇರೆ ದಾರಿ ಇಲ್ಲ ಅಂತಲಾ?” ಸ್ವಲ್ಪ ಹೊತ್ತು ನಿಂತಳು. “ನಮ್ಮಪ್ಪ ನಂಬಲ್ಲ ಮೇಡಂ, ಸಹಿ ಹಾಕ್ತಾರೆ ಅಷ್ಟೇ” ಅಂದಳು. ಇವಳ ಬಾಯಿ ಕಟ್ಟುತ್ತೆ ಅನ್ನೋ ಭಯ ಬೇಡಪ್ಪ ಕೆ.ಆರ್. ಪೇಟೆ.

ಒಂದೇ ಅನುಮಾನ ಉಳಿದಿದೆ. ಮಾರ್ಕ್ಸ್ ಹೀಗೆ ಬದಲಾಯಿಸಿದರೆ ನಾಳೆ ಯಾರಾದರೂ ಅಪ್ಪ ಅಮ್ಮನನ್ನು ಕರೆದುಕೊಂಡು ಬಂದು ಗಲಾಟೆ ಮಾಡಿದರೆ ಗೆಸ್ಟ್ ಆದ ನನ್ನ ಮಾತಿಗೆ ಎಷ್ಟು ಬೆಲೆ?

ಅಕಾಡೆಮಿಕ್ ಸೆಕ್ಷನ್:

ವೈವಾಕ್ಕೆ ಮುಂಚೆಯೇ ಆರು ಮತ್ತು ನಾಲ್ಕರ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಎಚ್‌ಓಡಿ (ವಿಭಾಗದ ಮುಖ್ಯಸ್ಥರ) ಸಹಿ ಹಾಕಿಸಿ ನೋಟಿಸ್ ಬೋರ್ಡಿಗೆ ಅಂಟಿಸಿ, ಕ್ಲಾಸ್ ಗ್ರೂಪಿಗೂ ಫೋಟೊ ಹಾಕಿ. ಪ್ರತಿಯೊಬ್ಬರ ಶೀಟಿನ ಹಿಂದೆ ಕೇಳಿದ ಪ್ರಶ್ನೆ, ಕೊಟ್ಟ ಮಾರ್ಕ್ಸ್ ಎರಡೂ ಬರೆದು ವಿದ್ಯಾರ್ಥಿ ಸಹಿ ತೆಗೆದುಕೊಳ್ಳಿ. ಫಲಿತಾಂಶ ಬರೋವರೆಗೂ ಆ ಶೀಟುಗಳನ್ನು ವಾಪಸ್ ಕೊಡಬೇಡಿ.

ಮದ್ದೂರು ಮೇಷ್ಟ್ರು:

ಮತ್ತೆ ಎಲ್ಲದರ ಜೆರಾಕ್ಸ್ ಒಂದು ಸೆಟ್ ನಿಮ್ಮ ಮನೇಲಿ ಇರಲಿ ಮೇಡಂ. ಸ್ಟಾಫ್ ರೂಮ್ ಬೀರು ನಂಬಬೇಡಿ.