ಜೇನು ಹಾಕಿದ ಶುಂಠಿ ಬಿಯರ್: ಜೇನಿನ ರುಚಿ ಇಲ್ಲ, ಬಾಟಲಿ ಮಾತ್ರ ಉಕ್ಕುತ್ತಿದೆ

ಪರ್ಸಿ_ಮನೆ (ಕಲಬುರಗಿ)

ಎಲ್ಲರಿಗೂ ನಮಸ್ಕಾರ್ರಿ. ಮನೆಯಲ್ಲಿ ಆಗಾಗ ಶುಂಠಿ ಬಿಯರ್ ಮಾಡುತ್ತೇನೆ. ಸಕ್ಕರೆ ಹಾಕಿದಾಗ ಚೆನ್ನಾಗಿಯೇ ಬರುತ್ತಿತ್ತು. ಜೇನುತುಪ್ಪಕ್ಕೆ ಬದಲಾಯಿಸಿದ ಮೇಲೆ ಸರಿ ಬರುತ್ತಿಲ್ಲ.

ಲೀಟರ್ ನೀರಿಗೆ 100 ಗ್ರಾಂ ಜೇನು, ಜಜ್ಜಿದ ಹಸಿ ಶುಂಠಿ. ಎರಡನ್ನೂ ಒಟ್ಟಿಗೆ ಕಾಲು ಗಂಟೆ ಕುದಿಸುತ್ತೇನೆ. ತಣ್ಣಗಾದ ಮೇಲೆ ಸೋಸಿ, ನಿಂಬೆ ಹಿಂಡಿ, ಚಿಟಿಕೆ ಬೇಕರಿ ಯೀಸ್ಟ್ ಹಾಕಿ ಗಾಜಿನ ಬಾಟಲಿಗೆ ತುಂಬುತ್ತೇನೆ. ಮುಚ್ಚಳ ಬಿಗಿದು ಅಡುಗೆಮನೆ ಮೂಲೆಯಲ್ಲಿ ಮೂರು ದಿನ.

ಮುಚ್ಚಳ ತೆಗೆದರೆ ಅರ್ಧ ಬಾಟಲಿ ನೊರೆಯಾಗಿ ಹೊರಗೆ ಹೋಗುತ್ತದೆ. ಉಳಿದದ್ದರಲ್ಲಿ ಸಿಹಿ ಇಲ್ಲ, ಜೇನಿನ ವಾಸನೆ ಇಲ್ಲ, ಬರೀ ಹುಳಿ. ಮೇಲೆ ಸ್ವಲ್ಪ ಕೊಳೆತ ಮೊಟ್ಟೆ ವಾಸನೆ ಬೇರೆ. ಜೇನು ಕಲಬೆರಕೆ ಇರಬಹುದಾ? ನೀರಿನ ಲೋಟಕ್ಕೆ ಹಾಕಿ ನೋಡಿದೆ, ಕರಗದೆ ತಳಕ್ಕೆ ಇಳಿಯಿತು. ಈಗ ಇನ್ನೂ ನಾಲ್ಕು ಬಾಟಲಿ ಮೂಲೆಯಲ್ಲಿವೆ.

ಹುದುಗು_ಬೀದರ್

ಅಣ್ಣಾರ, ಮೊದಲು ಆ ನಾಲ್ಕು ಬಾಟಲಿ ನೋಡಿ. ಕೈ ಹಾಕುವ ಮುಂಚೆ ಒಂದೊಂದಕ್ಕೂ ದಪ್ಪ ಟವೆಲ್ ಸುತ್ತಿ. ಮುಖ ದೂರ ಇರಲಿ, ಮಕ್ಕಳು ಅಡುಗೆಮನೆಯಲ್ಲಿ ಇರಬಾರದು. ಫ್ರಿಜ್‌ನಲ್ಲಿ ಇಡೀ ರಾತ್ರಿ ಇಡಿ. ಚೆನ್ನಾಗಿ ತಣ್ಣಗಾದ ಮೇಲೆ, ಟವೆಲ್ ಸುತ್ತಿದ ಹಾಗೇ, ಸಿಂಕ್‌ನಲ್ಲಿಟ್ಟು ಮುಚ್ಚಳವನ್ನು ತುಸು ತುಸುವೇ ಸಡಿಲಿಸಿ. ಇದನ್ನು ಮಾಡಿ ಬಂದು ಮುಂದೆ ಓದಿ.

ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಲೆಕ್ಕ ಹಾಗಿದೆ. ಜೇನಿನಲ್ಲಿ ಸುಮಾರು 80 ಭಾಗ ಸಕ್ಕರೆ, ಉಳಿದದ್ದು ಹೆಚ್ಚೂಕಮ್ಮಿ ನೀರು. ನಿಮ್ಮ 100 ಗ್ರಾಂ ಜೇನಿನಲ್ಲಿ 80 ಗ್ರಾಂ ಸಕ್ಕರೆ ಇದೆ. ಯೀಸ್ಟ್ ಒಂದು ಗ್ರಾಂ ಸಕ್ಕರೆ ತಿಂದರೆ ಅರ್ಧ ಗ್ರಾಂ ಹತ್ತಿರ ಗ್ಯಾಸ್ ಬಿಡುತ್ತದೆ, ಉಳಿದರ್ಧ ಆಲ್ಕೋಹಾಲ್. ಪೂರ್ತಿ ತಿಂದರೆ ಲೀಟರಿಗೆ 40 ಗ್ರಾಂ ಹತ್ತಿರ ಗ್ಯಾಸ್. ಅಂಗಡಿ ಬಿಯರ್‌ನಲ್ಲಿ ಇರುವುದು ಲೀಟರಿಗೆ 5 ಗ್ರಾಂ ಆಸುಪಾಸು. ಅದರ ಎಂಟು ಪಟ್ಟು ಗ್ಯಾಸ್ ಹುಟ್ಟುವಷ್ಟು ಸಕ್ಕರೆಯನ್ನು ಬಿಗಿಯಾದ ಗಾಜಿನೊಳಗೆ ಕೂಡಿಹಾಕಿದಂತಾಯಿತು. ಉಕ್ಕಿದ್ದು ಪುಣ್ಯ, ಒಡೆದಿದ್ದರೆ ಕಣ್ಣಿಗೆ ಅಪಾಯ.

ರುಚಿ ಹೋದದ್ದಕ್ಕೂ ಇದೇ ಕಾರಣ. ಜೇನಿನ ಸಕ್ಕರೆ ಹೆಚ್ಚಿನದು ಗ್ಲೂಕೋಸ್, ಫ್ರಕ್ಟೋಸ್. ಯೀಸ್ಟ್ ಎರಡನ್ನೂ ಬಿಡುವುದಿಲ್ಲ. ಮೊದಲು ಗ್ಲೂಕೋಸ್ ಮುಗಿಸುತ್ತದೆ, ಆಮೇಲೆ ನಿಧಾನಕ್ಕೆ ಫ್ರಕ್ಟೋಸ್. ಹಾಗಾಗಿ ಗುಳ್ಳೆ ಕಡಿಮೆಯಾಯಿತು, ಮುಗಿಯಿತು ಅಂದುಕೊಂಡಾಗಲೂ ಒಳಗೆ ಕೆಲಸ ನಡೆದೇ ಇರುತ್ತದೆ. ಸಿಹಿ ಪೂರ್ತಿ ಹೋದ ಮೇಲೆ ಜೇನು ಅಂತ ಗುರುತಿಸಲು ಉಳಿಯುವುದು ಅದರ ಪರಿಮಳ ಒಂದೇ. ಅದು ಹಗುರ. ಕುದಿಸಿದರೆ ಹಬೆಯ ಜೊತೆ ಹೋಗುತ್ತದೆ. ಉಳಿದಿದ್ದರೆ ಗ್ಯಾಸ್ ಗುಳ್ಳೆ ಹೊತ್ತೊಯ್ಯುತ್ತದೆ. ನೀವು ಕಾಲು ಗಂಟೆ ಕುದಿಸಿದ್ದೀರಿ, ಮೂರು ದಿನ ಹುದುಗಿಸಿದ್ದೀರಿ. ಎಷ್ಟೇ ಒಳ್ಳೆ ಜೇನಾದರೂ ಉಳಿಯುತ್ತಿರಲಿಲ್ಲ.

ಮೊಟ್ಟೆ ವಾಸನೆ ಯೀಸ್ಟ್ ಹಸಿದಿದ್ದಕ್ಕೆ. ಜೇನಿನಲ್ಲಿ ಸಕ್ಕರೆ ಬಿಟ್ಟರೆ ಯೀಸ್ಟ್‌ಗೆ ಬೇಕಾದ ಸಾರಜನಕ ಬಹಳ ಕಡಿಮೆ. ಒದ್ದಾಡುವ ಯೀಸ್ಟ್ ಗಂಧಕದ ವಾಸನೆ ಬಿಡುತ್ತದೆ. ಒಣದ್ರಾಕ್ಷಿ ಹಾಕಿ ಅಂತ ಕೆಲವರು ಹೇಳುತ್ತಾರೆ. ಅದರಲ್ಲಿ ಪೋಷಣೆ ಅಷ್ಟೇನಿಲ್ಲ. ಶುಂಠಿ ನೀರು ಕುದಿಯುವಾಗಲೇ ಕಾಲು ಚಮಚ ಬೇಕರಿ ಯೀಸ್ಟ್ ಹಾಕಿಬಿಡಿ. ಅದು ಸಾಯುತ್ತದೆ, ಆಮೇಲೆ ಹಾಕುವ ಯೀಸ್ಟ್‌ಗೆ ಅದೇ ಊಟ.

ತುಡುವೆ_ಯಾದಗಿರಿ

ಜೇನಿನ ಬಗ್ಗೆ ನಾನು ಹೇಳುತ್ತೇನೆ, ನಮ್ಮಲ್ಲಿ ಪೆಟ್ಟಿಗೆ ಇದೆ. ನೀರಿನಲ್ಲಿ ಮುಳುಗಿತು ಅಂದರೆ ಶುದ್ಧ ಅಂತ ಅರ್ಥವಲ್ಲ. ಗಟ್ಟಿ ಬೆಲ್ಲದ ಪಾಕವೂ ಮುಳುಗುತ್ತದೆ. ಹೆಪ್ಪುಗಟ್ಟಿದರೆ ಕಲಬೆರಕೆ ಅನ್ನುವುದೂ ತಪ್ಪು. ಗ್ಲೂಕೋಸ್ ಜಾಸ್ತಿ ಇರುವ ಜೇನು ಹೆಪ್ಪುಗಟ್ಟಿಯೇ ತೀರುತ್ತದೆ, ಸೂರ್ಯಕಾಂತಿ ಜೇನು ಇನ್ನೂ ಬೇಗ.

ಇಲ್ಲಿ ಮರದಿಂದ ಬಿಡಿಸಿ ತಂದು ಮಾರುವ ಹೆಜ್ಜೇನು ಹೆಚ್ಚಾಗಿ ತೆಳು, ನೀರಿನಂಶ ಜಾಸ್ತಿ. ಹಾಗೇ ಇಟ್ಟರೆ ತಾನೇ ಹುಳಿಯಾಗುತ್ತದೆ. ಆದರೆ ರುಚಿ ಗಡುಸು, ಇಂಥ ಪಾನೀಯಕ್ಕೆ ಅದೇ ಒಳ್ಳೆಯದು. ಬಣ್ಣ ತಿಳಿ, ರುಚಿ ಸಪ್ಪೆ ಇರುವ ಜೇನು ಶುಂಠಿಯ ಖಾರದ ಮುಂದೆ ನಿಲ್ಲುವುದಿಲ್ಲ. ಬೇವಿನ ಮರದ ಜೇನು ಅಂತ ಮಾರುವುದನ್ನೂ ಒಮ್ಮೆ ನೆಕ್ಕಿ ನೋಡಿಯೇ ತಗೊಳ್ಳಿ. ಮೂಗಿಗೆ ಬರದ ಜೇನು ಬಾಟಲಿಯಲ್ಲೂ ಬರುವುದಿಲ್ಲ.

ಇನ್ನೊಂದು. ಒಂದು ವರ್ಷದೊಳಗಿನ ಕೂಸಿಗೆ ಜೇನು ಯಾವ ರೂಪದಲ್ಲೂ ಬೇಡ.

ಪರ್ಸಿ_ಮನೆ (ಕಲಬುರಗಿ)

ನಾಲ್ಕೂ ಬಾಟಲಿ ಫ್ರಿಜ್‌ಗೆ ಹೋದವು. ಧನ್ಯವಾದಗಳ್ರಿ, ಇಷ್ಟು ಅಪಾಯ ಅಂತ ಯಾರೂ ಹೇಳಿರಲಿಲ್ಲ.

ಹಾಗಾದರೆ ಬಿಯರ್ ಮಾಡುವವರು ಜೇನು ಯಾಕೆ ಹಾಕುತ್ತಾರೆ? ಅಲ್ಲೂ ಪೂರ್ತಿ ತಿಂದುಬಿಡುತ್ತದಲ್ವಾ?

ಹುದುಗು_ಬೀದರ್

ಒಳ್ಳೆ ಪ್ರಶ್ನೆ. ತಿನ್ನುತ್ತದೆ. ಆದರೆ ಅಲ್ಲಿ ಜೇನು ಒಂಟಿಯಾಗಿಲ್ಲ. ಬಾರ್ಲಿ ಮಾಲ್ಟ್‌ನಲ್ಲಿ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಲ್ಲಿ, ಯೀಸ್ಟ್ ತಿನ್ನಲಾಗದ ಡೆಕ್ಸ್‌ಟ್ರಿನ್ ಎಂಬ ಪಿಷ್ಟದ ತುಣುಕು ಇರುತ್ತದೆ, ಅದು ಬಾಯಿಗೆ ತುಂಬಿದ ಹಾಗೆ ಉಳಿಯುತ್ತದೆ. ಯೀಸ್ಟ್‌ಗೆ ಬೇಕಾದ ಪೋಷಣೆಯೂ ಮಾಲ್ಟ್‌ನಿಂದಲೇ ಬರುತ್ತದೆ. ಜೇನು ಸೇರಿದರೆ ಬಿಯರ್ ಹಗುರವಾಗುತ್ತದೆ, ಹಿಂದಿನಿಂದ ಪರಿಮಳ ಸುಳಿಯುತ್ತದೆ. 2012ರಲ್ಲಿ ಅಮೆರಿಕದ ಶ್ವೇತಭವನ ತನ್ನ ಹನಿ ಏಲ್ ಎಂಬ ಜೇನು ಬಿಯರ್ ಮಾಡುವ ವಿಧಾನವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತ್ತು. ಜೇನು ಅವರ ತೋಟದ ಪೆಟ್ಟಿಗೆಯದೇ. ಅದರಲ್ಲೂ ಜೇನು ಬರೀ ಒಂದು ಪೌಂಡ್, ಅರ್ಧ ಕಿಲೋಗೂ ಕಡಿಮೆ. ಮಾಲ್ಟ್ ಅದರ ಎಷ್ಟೋ ಪಟ್ಟು.

ಪರಿಮಳ ಬೇಕಾದವರು ಜೇನನ್ನು ಒಲೆ ಆರಿಸಿದ ಮೇಲೆ ಹಾಕುತ್ತಾರೆ, ಇಲ್ಲವೇ ಹುದುಗುವಿಕೆಯ ಮೊದಲ ಜೋರು ಇಳಿದ ಮೇಲೆ. ನಿಮಗೆ ಬೇಕಾದ ಪಾಠ ಅಷ್ಟೇ: ಜೇನಿಗೆ ಬೆಂಕಿ ತೋರಿಸಬೇಡಿ, ಯೀಸ್ಟ್‌ಗೆ ಸಮಯ ಕೊಡಬೇಡಿ.

ಶುಂಠಿಯನ್ನು ಮಾತ್ರ ಕುದಿಸಿ. ಕೈಗೆ ಉಗುರುಬೆಚ್ಚಗೆ ಆದ ಮೇಲೆ ಜೇನು ಕರಗಿಸಿ, ಲೀಟರಿಗೆ 80 ಗ್ರಾಂ ಸಾಕು. ನಿಂಬೆ, ಆಮೇಲೆ ಯೀಸ್ಟ್ ಚಿಟಿಕೆಗೂ ಕಡಿಮೆ. ಗಾಜು ಬಿಡಿ. ಸೋಡಾ, ಕೋಲಾ ಬಂದ ಪ್ಲಾಸ್ಟಿಕ್ ಬಾಟಲಿ ತೊಳೆದು ಇಟ್ಟುಕೊಳ್ಳಿ, ನೀರಿನ ತೆಳು ಬಾಟಲಿ ಬೇಡ. ಮೇಲೆ ಮೂರು ಬೆರಳು ಜಾಗ ಬಿಟ್ಟು ತುಂಬಿ, ಮುಚ್ಚಿ. ಗಂಟೆಗೊಮ್ಮೆ ಹೊಟ್ಟೆ ಒತ್ತಿ ನೋಡಿ. ಅಂಗಡಿಯಿಂದ ತಂದ ಹೊಸ ಸೋಡಾ ಬಾಟಲಿಯಷ್ಟು ಗಟ್ಟಿಯಾದ ಕೂಡಲೇ ಫ್ರಿಜ್‌ಗೆ. ಗಡಿಯಾರ ನೋಡಬೇಡಿ, ಬಾಟಲಿ ನೋಡಿ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಹೊರಗೆ 40 ದಾಟುತ್ತದೆ. ಒಳಗೂ ಯೀಸ್ಟ್ ಕುದುರೆ ಓಟ. ಚಳಿಗಾಲದಲ್ಲಿ ಒಂದೂವರೆ ದಿನ ಹಿಡಿಯುವುದು ಬೇಸಿಗೆಯಲ್ಲಿ ಬೆಳಿಗ್ಗೆ ಇಟ್ಟರೆ ಸಂಜೆಗೆ ಆಗಬಹುದು.

ನಿಧಾನ ಮಾಡಬೇಕೆಂದರೆ ಬಾಟಲಿಗೆ ಒದ್ದೆ ಗೋಣಿತಟ್ಟು ಸುತ್ತಿ, ನೀರು ತುಂಬಿದ ತಟ್ಟೆಯಲ್ಲಿ ಪರ್ಸಿ ಕಲ್ಲಿನ ನೆಲದ ಮೇಲೆ ಗಾಳಿಯಾಡುವ ಕಡೆ ಇಡಿ. ನಮ್ಮ ಒಣ ಬಿಸಿಲಿಗೆ ಇದು ಬಹಳ ಚೆನ್ನಾಗಿ ತಂಪಾಗುತ್ತದೆ. ಮಳೆಗಾಲದಲ್ಲಿ ಅಷ್ಟಾಗಿ ನಡೆಯುವುದಿಲ್ಲ.

ಹೀಗೆ ನಿಲ್ಲಿಸಿದರೆ ಹತ್ತು ಗ್ರಾಂ ಆಸುಪಾಸು ಸಕ್ಕರೆ ಮಾತ್ರ ಖರ್ಚಾಗಿರುತ್ತದೆ. ಸಿಹಿ, ಪರಿಮಳ ಎರಡೂ ಉಳಿಯುತ್ತವೆ. ಆಲ್ಕೋಹಾಲ್ ಅರ್ಧ ಪರ್ಸೆಂಟ್ ಸುತ್ತಮುತ್ತ. ನಿಮ್ಮ ಹಳೆ ವಿಧಾನದಲ್ಲಿ ಪೂರ್ತಿ ಹುದುಗಿದರೆ 5 ಪರ್ಸೆಂಟ್ ಹತ್ತಿರ, ಅದು ಅಂಗಡಿ ಬಿಯರ್‌ನಷ್ಟೇ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವ ಹಾಗಿಲ್ಲ. ಅರ್ಧ ಪರ್ಸೆಂಟ್ ಅಂದರೂ ಮಕ್ಕಳಿಗೆ ಕೊಡಬೇಡಿ.

ಪರ್ಸಿ_ಮನೆ (ಕಲಬುರಗಿ)

ಮಾಡಿ ನೋಡಿದೆ. ಮಧ್ಯಾಹ್ನ ಮೂರಕ್ಕೆ ಬಾಟಲಿ ಕಲ್ಲಿನಂತಾಯಿತು, ಫ್ರಿಜ್‌ಗೆ ಇಟ್ಟೆ. ಇವತ್ತು ತೆಗೆದಾಗ ಸಣ್ಣ ಗುಳ್ಳೆ, ನೊರೆ ಕುತ್ತಿಗೆವರೆಗೆ ಬಂದು ಇಳಿಯಿತು. ಲೋಟ ಮೂಗಿನ ಹತ್ತಿರ ತಂದರೆ ಮೊದಲು ಜೇನು, ಆಮೇಲೆ ಶುಂಠಿ. ಮೊಟ್ಟೆ ವಾಸನೆ ಸುತಾರಾಂ ಇಲ್ಲ.

ಒಂದೇ ಚಿಂತೆ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೋದರೆ ಗಂಟೆಗಟ್ಟಲೆ ಬರುವುದಿಲ್ಲ.

ಹುದುಗು_ಬೀದರ್

ಫ್ರಿಜ್‌ನಲ್ಲಿ ಯೀಸ್ಟ್ ಸಾಯುವುದಿಲ್ಲ, ಸುಮ್ನೆ ಮಲಗಿರುತ್ತದೆ. ಒಂದೆರಡು ಗಂಟೆ ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ, ಸಾಕು. ಜಾಸ್ತಿ ಹೊತ್ತಾದರೆ ಒತ್ತಿ ನೋಡಿ, ಬಿಗಿ ಹೆಚ್ಚಿದ್ದರೆ ಮುಚ್ಚಳ ಒಂದು ಸುತ್ತು ಸಡಿಲಿಸಿ ಗ್ಯಾಸ್ ಬಿಟ್ಟು ಮತ್ತೆ ಮುಚ್ಚಿ. ನಾಲ್ಕೈದು ದಿನದಲ್ಲಿ ಕುಡಿದು ಮುಗಿಸುವಷ್ಟೇ ಮಾಡಿ.