ಮೂರು ಕೀ ಒತ್ತಿದಾಗ ಆರ್ಪೆಜಿಯೇಟರ್ ಸ್ಟೆಪ್‌ಗಳು ಮೌನವಾಗುತ್ತವೆ, ಟೈ ಕೂಡ ಹಿಡಿಯುವುದಿಲ್ಲ

ಪ್ರಶ್ನೆ:
ಸಿಂಥಸೈಜರ್‌ನಲ್ಲಿ 16 ಸ್ಟೆಪ್‌ಗಳ ಆರ್ಪೆಜಿಯೇಟರ್ (ಒತ್ತಿ ಹಿಡಿದ ಕೀಗಳ ಸ್ವರಗಳನ್ನು ಒಂದೊಂದಾಗಿ ತಾನೇ ನುಡಿಸುವ ಸೌಲಭ್ಯ) ಪ್ಯಾಟರ್ನ್ ಒಂದನ್ನು ರಚಿಸಿದ್ದೇನೆ. ಪ್ರತಿ ಸ್ಟೆಪ್ ಕಾಲು ಬಡಿತದಷ್ಟು. ನಾಲ್ಕು ಕೀಗಳನ್ನು ಒತ್ತಿ ಹಿಡಿದರೆ ಎಲ್ಲ ಸ್ಟೆಪ್‌ಗಳೂ ನುಡಿಯುತ್ತವೆ. ಮೂರೇ ಕೀಗಳನ್ನು ಹಿಡಿದರೆ 4, 8 ಮತ್ತು 14ನೆಯ ಸ್ಟೆಪ್‌ಗಳು ಮೌನವಾಗುತ್ತವೆ. 11 ಮತ್ತು 12ನೆಯ ಸ್ಟೆಪ್‌ಗಳನ್ನು ಟೈ ಮಾಡಿದ್ದರೂ (ಒಂದೇ ಸ್ವರವಾಗಿ ಬೆಸೆದಿದ್ದರೂ) ಒಂದು ದೀರ್ಘ ಸ್ವರದ ಬದಲು ಎರಡು ಬಿಡಿ ಸ್ವರಗಳು ಕೇಳಿಸುತ್ತವೆ. ಇದಲ್ಲದೆ, ಡ್ರಮ್ ಮಷೀನ್‌ನ ಮಿಡಿ ಕ್ಲಾಕ್‌ಗೆ (ವಾದ್ಯಗಳ ವೇಗ ಹೊಂದಿಸುವ ಸಂಕೇತಕ್ಕೆ) ಜೋಡಿಸಿದಾಗ ವೇಗ ಸರಿಯಾಗಿಯೇ ಇದ್ದು, ಪ್ಯಾಟರ್ನ್‌ನ ಮೊದಲ ಸ್ಟೆಪ್ ಮಾತ್ರ ಮೊದಲ ಬಡಿತಕ್ಕೆ ಬೀಳುವುದಿಲ್ಲ.

ಉತ್ತರ:
ಇವು ಮೂರು ಬೇರೆ ಬೇರೆ ಸಮಸ್ಯೆಗಳು. ಮೌನವಾಗುವ ಸ್ಟೆಪ್‌ಗಳಲ್ಲಿ 4 ಎಂಬ ಸಂಖ್ಯೆ ಇರಬೇಕು, ನೋಡಿ. ಈ ಬಗೆಯ ಪ್ಯಾಟರ್ನ್‌ನಲ್ಲಿ ಸ್ಟೆಪ್‌ನೊಳಗೆ ಇರುವುದು ನಿರ್ದಿಷ್ಟ ಸ್ವರವಲ್ಲ, ಹಿಡಿದ ಕೀಗಳಲ್ಲಿ ಕೆಳಗಿನಿಂದ ಎಷ್ಟನೆಯದನ್ನು ನುಡಿಸಬೇಕೆಂಬ ಕ್ರಮಸಂಖ್ಯೆ. ನಾಲ್ಕನೆಯ ಕೀ ಇಲ್ಲದಿದ್ದರೆ ಕೆಲವು ವಾದ್ಯಗಳು ಮತ್ತೆ ಮೊದಲ ಕೀಗೆ ಮರಳುತ್ತವೆ, ಕೆಲವು ಸುಮ್ಮನಿರುತ್ತವೆ. ನಿಮ್ಮದು ಎರಡನೆಯ ಬಗೆಯದು. ಆ ಸ್ಟೆಪ್‌ಗಳಿಗೆ 1 ಎಂದು ಕೊಟ್ಟು ಆಕ್ಟೇವನ್ನು (ಸ್ಥಾಯಿಯನ್ನು) ಒಂದು ಮೇಲಕ್ಕೆ ಏರಿಸಿದರೆ ಮೂರು ಕೀಗಳ ಸ್ವರಗುಚ್ಛಕ್ಕೂ ನಾಲ್ಕು ಕೀಗಳದಕ್ಕೂ ಅದೇ ಪ್ಯಾಟರ್ನ್ ಸಾಲುತ್ತದೆ.

ಟೈ ವಿಷಯದಲ್ಲಿ ಎರಡು ಸಂಗತಿಗಳನ್ನು ಪರೀಕ್ಷಿಸಿ. ಟೈ ಗುರುತನ್ನು ಕೆಲವು ವಾದ್ಯಗಳಲ್ಲಿ ಮೊದಲ ಸ್ಟೆಪ್‌ಗೆ, ಮತ್ತೆ ಕೆಲವದರಲ್ಲಿ ಎರಡನೆಯದಕ್ಕೆ ಹಾಕಬೇಕಾಗುತ್ತದೆ. ಕೈಪಿಡಿಗಳು ಇದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುವುದರಿಂದ ಪ್ರಯೋಗ ಮಾಡಿಯೇ ತಿಳಿಯುವುದು ಲೇಸು. ಎರಡೂ ಸ್ಟೆಪ್‌ಗಳ ಕ್ರಮಸಂಖ್ಯೆ ಮತ್ತು ಆಕ್ಟೇವ್ ಒಂದೇ ಆಗಿರುವುದೂ ಅಗತ್ಯ. ಇಲ್ಲವಾದರೆ ಸ್ವರವೇ ಬದಲಾಗುವುದರಿಂದ ಹಿಗ್ಗಿಸಲು ಏನೂ ಉಳಿಯುವುದಿಲ್ಲ.

ಇನ್ನು ಕ್ಲಾಕ್. ಮಿಡಿ ಕ್ಲಾಕ್ ಪ್ರತಿ ಬಡಿತಕ್ಕೆ 24 ಮಿಡಿತಗಳನ್ನು, ಅಂದರೆ ನಿಮ್ಮ ಒಂದು ಸ್ಟೆಪ್‌ಗೆ 6 ಮಿಡಿತಗಳನ್ನು ಕಳುಹಿಸುತ್ತದೆ. ಆದರೆ ಆ ಮಿಡಿತಗಳಿಂದ ವೇಗ ಗೊತ್ತಾಗುತ್ತದೆಯೇ ಹೊರತು ಆವರ್ತದಲ್ಲಿ ಎಲ್ಲಿದ್ದೇವೆ ಎಂಬುದು ಗೊತ್ತಾಗುವುದಿಲ್ಲ. ಆರಂಭದ ಸ್ಥಾನವನ್ನು ಸೂಚಿಸುವುದು ಸ್ಟಾರ್ಟ್ ಸಂದೇಶ. ಕೀ ಸಿಂಕ್ ಆನ್ ಆಗಿದ್ದರೆ, ಎಲ್ಲ ಕೀಗಳನ್ನೂ ಬಿಟ್ಟು ಮತ್ತೆ ಒತ್ತಿದಾಗಲೆಲ್ಲ ಪ್ಯಾಟರ್ನ್ ಮೊದಲ ಸ್ಟೆಪ್‌ನಿಂದ ಹೊರಡುವುದರಿಂದ, ಬೆರಳು ತುಸು ಮುಂಚೆ ಬಿದ್ದರೂ ಇಡೀ ಪ್ಯಾಟರ್ನ್ ಸರಿದುಹೋಗುತ್ತದೆ. ಅದನ್ನು ಆಫ್ ಮಾಡಿ, ಡ್ರಮ್ ಮಷೀನನ್ನು ನಿಲ್ಲಿಸಿ ಆರಂಭದಿಂದ ಮತ್ತೆ ಚಾಲೂ ಮಾಡಿ. ನಿಂತಲ್ಲಿಂದ ಮುಂದುವರಿಸುವ ಕಂಟಿನ್ಯೂ ಸಂದೇಶದಿಂದ ಈ ಕೆಲಸ ಆಗುವುದಿಲ್ಲ.

ಮರುಪ್ರಶ್ನೆ:
ಮೂರೂ ಸರಿಹೋದವು, 12ನೆಯ ಸ್ಟೆಪ್‌ನ ಕ್ರಮಸಂಖ್ಯೆ 11ನೆಯದಕ್ಕಿಂತ ಬೇರೆ ಇತ್ತು. ಆದರೆ ಇದೇ ಪ್ಯಾಟರ್ನನ್ನು ಮೃದುವಾದ ಪ್ಯಾಡ್ ಧ್ವನಿಯಲ್ಲಿ ನುಡಿಸಿದರೆ ಟೈ ಮಾಡಿದ ಸ್ವರವೊಂದೇ ಸ್ಪಷ್ಟವಾಗಿ ಕೇಳುತ್ತದೆ, ಉಳಿದವು ಕ್ಷೀಣವಾಗಿವೆ. ವೇಗ ನಿಮಿಷಕ್ಕೆ 120 ಬಡಿತ, ಗೇಟ್ (ಸ್ಟೆಪ್‌ನಲ್ಲಿ ಕೀ ಒತ್ತಿದಂತೆ ಇರುವ ಪಾಲು) 50 ಶೇಕಡಾ.

ಉತ್ತರ:
ಈ ಬಾರಿ ಪ್ಯಾಟರ್ನ್‌ನಲ್ಲಿ ದೋಷವಿಲ್ಲ, ಧ್ವನಿಯ ಎನ್ವಲಪ್, ಅಂದರೆ ಸ್ವರದ ಮಟ್ಟ ಏರಿ ಇಳಿಯುವ ರೀತಿ ನೋಡಬೇಕು. 120ರ ವೇಗದಲ್ಲಿ ಒಂದು ಬಡಿತ 500 ಮಿಲಿಸೆಕೆಂಡ್, ಒಂದು ಸ್ಟೆಪ್ 125. ಗೇಟ್ ಅರ್ಧಕ್ಕಿದ್ದರೆ ಕೀ ಒತ್ತಿದಂತೆ ಇರುವುದು 62.5 ಮಿಲಿಸೆಕೆಂಡ್ ಮಾತ್ರ. ಪ್ಯಾಡ್‌ನ ಅಟ್ಯಾಕ್ (ಏರಲು ಹಿಡಿಯುವ ಕಾಲ) ಇದಕ್ಕಿಂತ ದೀರ್ಘವಾಗಿದ್ದರೆ ಸ್ವರ ಪೂರ್ಣ ಮಟ್ಟಕ್ಕೆ ಏರುವ ಮೊದಲೇ ಗೇಟ್ ಮುಚ್ಚಿ ರಿಲೀಸ್ (ಸ್ವರ ಆರಿಹೋಗುವ ಹಂತ) ಶುರುವಾಗುತ್ತದೆ. ಟೈ ಮಾಡಿದ ಸ್ವರಕ್ಕೆ ಹೆಚ್ಚು ಕಾಲ ಸಿಗುವುದರಿಂದ ಅದು ಬಚಾವಾಗಿದೆ. ಗೇಟನ್ನು 90ರ ಆಸುಪಾಸಿಗೆ ಏರಿಸಬಹುದು, ಆದರೆ ಬಿಡಿಬಿಡಿಯಾಗಿ ಕೇಳುವ ಗುಣ ಹೋಗುತ್ತದೆ; ಅಟ್ಯಾಕನ್ನೇ 10 ಮಿಲಿಸೆಕೆಂಡ್‌ಗೆ ಇಳಿಸುವುದು ನನ್ನ ಆಯ್ಕೆ. ರಿಲೀಸನ್ನೂ ಗಮನಿಸಿ: ಸೆಕೆಂಡಿಗೆ 8 ಸ್ಟೆಪ್‌ಗಳು ಓಡುವಾಗ 2 ಸೆಕೆಂಡ್ ರಿಲೀಸ್ ಇಟ್ಟರೆ ಸುಮಾರು 16 ಸ್ವರಗಳು ಒಂದರ ಮೇಲೊಂದು ಉಳಿಯುತ್ತವೆ. ವಾದ್ಯದ ಪಾಲಿಫೊನಿ (ಒಟ್ಟಿಗೆ ನುಡಿಸಬಲ್ಲ ಸ್ವರಗಳ ಸಂಖ್ಯೆ) 8 ಆಗಿದ್ದರೆ ಹಳೆಯ ಸ್ವರಗಳು ನಡುವೆಯೇ ತುಂಡಾಗುತ್ತವೆ.